ಸಾವಿರದ ಸುತ್ತು

ಆ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು ಯಾರೆಂದು ಗೊತ್ತಿಲ್ಲದವರು ಬೇಕಾದಷ್ಟಿದ್ದರು. ಸುತ್ತಕ್ಕ ಯಾರೆಂದು ಗೊತ್ತಿಲ್ಲದವರು ಒಬ್ಬರೂ ಇರಲಿಲ್ಲ. ಆರು ಮಹಡಿಯ ಕಟ್ಟಡಕ್ಕೆ ಇದ್ದದ್ದು ಒಂದೇ ಲಿಫ್ಟು. ಲಿಫ್ಟಿನೊಳಗೆ ಒಂದು ಸ್ಟೂಲು, ಸ್ಟೂಲಿನ ಮೇಲೆ ಸುತ್ತಕ್ಕ, ಅವಳ ಬಲಗೈಯಲ್ಲಿ ಸವೆದು ಹೊಳೆಯುವ ಹಿತ್ತಾಳೆಯ ಹಿಡಿ. ಬಲಕ್ಕೆ ತಿರುಗಿಸಿದರೆ ಮೇಲೆ, ಎಡಕ್ಕೆ ತಿರುಗಿಸಿದರೆ ಕೆಳಗೆ, ನಡುವೆ ಬಿಟ್ಟರೆ ನಿಂತಲ್ಲೇ. ಹತ್ತೊಂಬತ್ತು ವರ್ಷ ಅವಳು ಮಾಡಿದ್ದು ಇಷ್ಟೇ. "ಇಷ್ಟು ದೂರ ನೆಟ್ಟಗೆ ಹೋಗಿದ್ರೆ ಭೂಮಿ ಮುಗಿದು ಹೋಗ್ತಿತ್ತು ಕಣ್ರೋ, ನಾನು ನೋಡಿದ್ರೆ ಹೊರಟ ಜಾಗಕ್ಕೇ ಬಂದು ಕೂತಿದೀನಿ" ಎಂದು ತಾನೇ ನಗುತ್ತಿದ್ದಳು. ನಾಲಿಗೆ ಚೂಪು, ಮನಸ್ಸು ಮೆತ್ತಗೆ. ಬಾಗಿಲಿಗೆ ಒರಗಿ ನಿಂತವರನ್ನು ಬಯ್ಯದೆ ಅವಳು ಒಂದು ಮಹಡಿಯನ್ನೂ ದಾಟಿದ್ದಿಲ್ಲ.

ಆಗಿನ್ನೂ ಜೇಬಿಗೊಂದು ಫೋನು ಬಂದಿರಲಿಲ್ಲ. ರೋಗಿಗಳು ಮೇಲೆ, ಅವರ ಮನೆಯವರು ಕೆಳಗೆ ನೆಲಮಹಡಿಯ ಮರದ ಬೆಂಚುಗಳ ಮೇಲೆ. ಸಂಜೆಯ ಒಂದು ತಾಸು ಬಿಟ್ಟರೆ ಮನೆಯವರನ್ನು ಮೇಲೆ ಬಿಡುತ್ತಿರಲಿಲ್ಲ. ಡಾಕ್ಟರು ಹೇಳುವುದು ಎರಡೇ ಮಾತು, ಅದೂ ಓಡುತ್ತ ಓಡುತ್ತ. ಹಾಗಾದರೆ ಬೆಂಚಿನ ಮೇಲಿನ ಜೀವಗಳಿಗೆ ಸುದ್ದಿ ತರುವವರು ಯಾರು? ವಾರ್ಡಿನಲ್ಲಿ ಕೆಲಸಕ್ಕಿದ್ದ ಆಯಾ, ಗಂಟಣ್ಣನಿಗೆ ಹೇಳಬೇಕು, ಗಂಟಣ್ಣ ಬೆಂಚಿಗೆ ಹೇಳಬೇಕು, ಬೆಂಚು ಗೇಟಿಗೆ ಹೇಳಬೇಕು. ಗಂಟಣ್ಣನೆಂದರೆ ಆಸ್ಪತ್ರೆಯ ಬಟ್ಟೆ ಒಗೆಯುವವನು, ತಲೆಯ ಮೇಲೆ ಹೊದಿಕೆಯ ಗಂಟಿಲ್ಲದೆ ಅವನನ್ನು ಕಂಡವರಿಲ್ಲ. ಹರಟೆಮಲ್ಲರು, ಕೆಲಸವಿಲ್ಲದವರು ಎಂದು ಮೇಲಿನವರು ಇವರನ್ನು ಬಯ್ಯುತ್ತಿದ್ದರು. ಬಯ್ಯಲಿ ಬಿಡಿ. ಆ ಹರಟೆ ನಿಂತಿದ್ದರೆ ಬೆಂಚಿನ ಮೇಲೆ ಕೂತವರ ಎದೆಯೇ ನಿಂತುಹೋಗುತ್ತಿತ್ತು.

ಆದರೆ ಹರಟೆಗೆ ಒಂದು ಕೆಟ್ಟ ಚಾಳಿ ಇದೆ. ಅನ್ನ ಹಳಸಿದರೆ ಮೂಗಿಗೆ ಗೊತ್ತಾಗುತ್ತದೆ, ಮಾತು ಹಳಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸುತ್ತಕ್ಕ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪ್ರಸಂಗ ನಡೆಯಿತು. ಮೂರನೇ ಮಹಡಿಯ ಹನ್ನೆರಡನೇ ಮಂಚದವನು ತೀರಿಕೊಂಡ ಎಂಬ ಸುದ್ದಿ ಕೆಳಗಿಳಿಯಿತು. ತೀರಿಕೊಂಡವನು ಹಿಂದಿನ ದಿನ ಆ ಮಂಚದಲ್ಲಿದ್ದವನು. ಇವತ್ತು ಅಲ್ಲಿ ಮಲಗಿದ್ದವನು ಹೊಟ್ಟೆನೋವಿಗೆ ಬಂದ ಬಡಗಿ. ಬಡಗಿಯ ಹೆಂಡತಿ, ಇಬ್ಬರು ತಂಗಿಯರು, ಭಾವ ಎಲ್ಲರೂ ಬೆಂಚಿನ ಮೇಲೆ ಎದೆ ಬಡಿದುಕೊಂಡು ಅಳುತ್ತಿರುವಾಗ, ಬಡಗಿ ತಾನೇ ಮೆಟ್ಟಿಲಿಳಿದು ಬಂದು, "ಯಾರು ಹೋದ್ರು?" ಎಂದು ಭಾವನ ಹೆಗಲು ಮುಟ್ಟಿ ಕೇಳಿದ. ಭಾವ ಮೂರ್ಛೆ ಹೋಗಿ, ಅವನನ್ನೇ ಮೂರನೇ ಮಹಡಿಗೆ ಸೇರಿಸಬೇಕಾಯಿತು. "ಎತ್ತು ಈಯ್ತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜನ ನೀವು!" ಎಂದು ಸುತ್ತಕ್ಕ ಎಲ್ಲರ ಮೇಲೂ ಹರಿಹಾಯ್ದಳು. ಎಲ್ಲರೂ ಹೇಳಿದ್ದು ಒಂದೇ ಮಾತು: "ನಾನು ಈಗಷ್ಟೇ ಕೇಳಿದೆ ಅಕ್ಕ."

ಈಗಷ್ಟೇ ಕೇಳಿದ್ದು ನಿಜ. ಆದರೆ ಈಗ ಕೇಳಿದ್ದೆಲ್ಲ ಈಗ ನಡೆದದ್ದಲ್ಲವಲ್ಲ! ಸುತ್ತಕ್ಕ ಒಂದು ವಾರ ಇದನ್ನೇ ಯೋಚಿಸಿದಳು. ಗಡಿಯಾರ ನೋಡಿ ಹೇಳಿ ಎನ್ನೋಣವೆಂದರೆ, ಆ ಕಟ್ಟಡದ ಗಡಿಯಾರಗಳು ಒಂದಕ್ಕೊಂದು ಮಾತು ಬಿಟ್ಟ ದಾಯಾದಿಗಳು. ನಾಲ್ಕನೇ ಮಹಡಿಯದು ಹನ್ನೊಂದು ನಿಮಿಷ ಹಿಂದೆ, ಅಡುಗೆ ಕೋಣೆಯದು ನಿಂತೇ ಹೋಗಿತ್ತು. ಕೊನೆಗೆ ಅವಳ ಕಣ್ಣಿಗೆ ಬಿದ್ದದ್ದು ಹಿಡಿಯ ಮೇಲಿದ್ದ ಸಣ್ಣ ಪೆಟ್ಟಿಗೆ. ಗಾಜಿನ ಹಿಂದೆ ಮೂರು ಅಂಕಿ. ಲಿಫ್ಟು ಮೇಲೆ ಹೋಗಿ ಬಂದು ನೆಲ ಮುಟ್ಟಿದರೆ ಟಕ್ ಎಂದು ಒಂದು ಹೆಚ್ಚಾಗುತ್ತದೆ. ಬೆಳಗ್ಗೆ ಪಕ್ಕದ ಗುಂಡಿ ತಿರುಗಿಸಿ ಸೊನ್ನೆ ಮಾಡಿದರೆ ಸಂಜೆಗೆ ನೂರು ನೂರಿಪ್ಪತ್ತು ಸುತ್ತು. ಇಡೀ ಆಸ್ಪತ್ರೆಗೆ ಲಿಫ್ಟು ಒಂದೇ, ಎಣಿಕೆಯೂ ಒಂದೇ. ಅದು ಹಿಂದೆ ಓಡುವುದಿಲ್ಲ, ಮುಂದೆ ಹಾರುವುದಿಲ್ಲ.

ಅಂದಿನಿಂದ ಲಿಫ್ಟಿನಲ್ಲಿ ಕಾನೂನು ಬಂತು. ಕಣ್ಣಾರೆ ಕಂಡವರು ಬಂದು ಹೇಳಿದಾಗ ಯಾವ ಸುತ್ತೋ, ಅದೇ ಆ ಮಾತಿನ ಅಂಕಿ. ಎಷ್ಟು ಬಾಯಿ ದಾಟಿದರೂ ಅಂಕಿ ಬದಲಾಗಕೂಡದು. ಒಬ್ಬ ರೋಗಿಯ ಬಗ್ಗೆ ಎರಡು ಮಾತು ಎದುರಾದರೆ ದೊಡ್ಡ ಅಂಕಿಯದು ನಿಲ್ಲಬೇಕು, ಸಣ್ಣ ಅಂಕಿಯದು ಬಾಯಿ ಮುಚ್ಚಬೇಕು. ಮೊದಮೊದಲು ನಕ್ಕರು. ಆಮೇಲೆ ಅದೇ ರೂಢಿಯಾಯಿತು. ಬೆಂಚಿನವರು "ಹೇಗಿದ್ದಾರಂತೆ?" ಎಂದು ಕೇಳುವ ಮೊದಲು "ಎಷ್ಟನೇ ಸುತ್ತಿನ ಮಾತು?" ಎಂದು ಕೇಳತೊಡಗಿದರು. ಗೇಟಿನಾಚೆ ಚಹಾ ಮಾರುವವನಿಗೂ, ಚಪ್ಪಲಿ ಹೊಲಿಯುವವನಿಗೂ, ಆಸ್ಪತ್ರೆಯ ಮುಂದೆ ನಿಲ್ಲುವ ಬಸ್ಸಿನ ಕಂಡಕ್ಟರನಿಗೂ ಸುತ್ತಿನ ಲೆಕ್ಕ ಬಾಯಿಪಾಠ. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಉಳಿಯಿತು, ಅವಳು ಸುತ್ತಕ್ಕನಾದಳು. ಹತ್ತೊಂಬತ್ತು ವರ್ಷದಲ್ಲಿ ಒಂದೇ ಒಂದು ಸಲವೂ ಅವಳು ಅಂಕಿ ತಪ್ಪು ಹೇಳಿದವಳಲ್ಲ.

ಈ ಕಾನೂನಿಗೆ ಗೇಟಿನಲ್ಲಿ ಒಬ್ಬ ಪರಮಭಕ್ತನಿದ್ದ. ಕಾವಲುಗಾರ, ಕತ್ತಿನಲ್ಲಿ ಸದಾ ಸೀಟಿ, ಆದ್ದರಿಂದ ಸೀಟಿಮಾವ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ. ಸಣ್ಣ ಅಂಕಿಯ ಮಾತು ಅವನ ಗೇಟು ದಾಟಿದ್ದೇ ಇಲ್ಲ.

ಈಗ ಆ ದಿನದ ವಿಷಯಕ್ಕೆ ಬರೋಣ. ಬೆಳಗ್ಗೆ ನಾಲ್ಕನೇ ಸುತ್ತಿನಲ್ಲೇ ನಾಲ್ಕನೇ ಮಹಡಿಯ ಹೆರಿಗೆ ವಾರ್ಡಿನ ಆಯಾ ಓಡಿಬಂದಳು. ಹಿಂದಿನ ದಿನ ಸೇರಿದ್ದ ಒಬ್ಬ ಹುಡುಗಿಗೆ ಆಪರೇಷನ್ ಆಗಬೇಕು, ಅವಳದು ಓ ನೆಗೆಟಿವ್ ರಕ್ತ, ಉಗ್ರಾಣದಲ್ಲಿ ಒಂದು ಹನಿಯೂ ಇಲ್ಲ. ಹುಡುಗಿಯ ಗಂಡ ದೂರದೂರಿನಲ್ಲಿ ಕೆಲಸದಲ್ಲಿದ್ದವನು ಹೊರಟಿದ್ದ, ಇನ್ನೂ ತಲುಪಿರಲಿಲ್ಲ. ಕೆಳಗೆ ಬೆಂಚಿನ ಮೇಲೆ ಇದ್ದವಳು ಅತ್ತೆ ಒಬ್ಬಳೇ. ಮಾತು ಗೇಟು ದಾಟಿತು, ಬೀದಿ ದಾಟಿತು, ಮೂರು ಓಣಿಯಾಚೆಯ ಬೀಗ ರಿಪೇರಿ ಅಂಗಡಿ ಮುಟ್ಟಿತು. ಬೀಗದವನದು ಅದೇ ರಕ್ತ, ಹಿಂದೆಯೂ ಎರಡು ಸಲ ಕೊಟ್ಟಿದ್ದ. ಅಂಗಡಿಗೆ ತನ್ನದೇ ಬೀಗ ಜಡಿದು ಬಂದ. ಪರೀಕ್ಷೆಗೆ ಚೂರು ರಕ್ತ ತೆಗೆದರು, ಹುಡುಗಿಯ ರಕ್ತಕ್ಕೆ ಹೊಂದಿತು. ಅವನನ್ನು ಬೆಂಚಿನ ಮೇಲೆ ಕೂರಿಸಿದರು.

ಎಪ್ಪತ್ತೊಂದನೇ ಸುತ್ತಿನಲ್ಲಿ ಆಯಾ ಮತ್ತೆ ಬಂದಳು, ಮುಖವೆಲ್ಲ ನಗು. "ಬೇರೆ ಆಸ್ಪತ್ರೆಯಿಂದ ಎರಡು ಬಾಟಲಿ ಬಂತು ಸುತ್ತಕ್ಕ. ಬೀಗದವನು ಹೋಗಬಹುದಂತೆ. ಆಪರೇಷನ್ ಶುರು ಆಯ್ತು." ಮಾತು ಕೆಳಗಿಳಿಯಿತು, ಬೀಗದವನು "ಸದ್ಯ!" ಎಂದು ಎದ್ದ. ಆದರೆ ಗೇಟಿನಲ್ಲಿ ಸೀಟಿಮಾವ ಬಿಡಬೇಕಲ್ಲ. ಗೇಟಿನ ದೊಡ್ಡ ಬೀಗ ಕಚ್ಚಿಕೊಂಡು ತಿಂಗಳಾಗಿತ್ತು. ಸಿಕ್ಕ ಬೀಗದವನನ್ನು ಬಿಡುವುದುಂಟೇ? ಅವನನ್ನು ಕೂರಿಸಿ ಬೀಗ ಬಿಚ್ಚಿಸಿದ.

ಸುತ್ತಕ್ಕ ಊಟದ ಡಬ್ಬಿ ಹಿಡಿದು ಹೊರಗೆ ಹೋದಳು. ಅದೇ ಹೊತ್ತಿಗೆ ಕಂಪನಿಯ ಹೊಸ ಮೆಕ್ಯಾನಿಕ್ಕು ಬಂದು ಲಿಫ್ಟಿನ ಹಗ್ಗಕ್ಕೆ ಗ್ರೀಸು ಹಚ್ಚಿದ. ಹೋಗುವಾಗ, ದಿನಾ ಬೆಳಗಿನ ಸೊನ್ನೆಯ ವಿಷಯ ಗೊತ್ತಿಲ್ಲದೆ, ಮುಂದಿನ ಗ್ರೀಸಿನವರೆಗೆ ಎಷ್ಟು ಸುತ್ತಾಯಿತೆಂದು ತಿಳಿಯಲಿ ಅಂತ ಗುಂಡಿ ತಿರುಗಿಸಿ ಎಣಿಕೆಯನ್ನು ಸೊನ್ನೆ ಮಾಡಿಟ್ಟ. ಸುತ್ತಕ್ಕ ಬಂದು ನೋಡಿದಳು. ನೋಡಲಿಲ್ಲ ಎನ್ನುವ ಹಾಗಿಲ್ಲ. "ಇವನ ಕೈ ಸುಮ್ಮನಿರಲ್ವಾ?" ಎಂದು ಗೊಣಗಿ, ಎಣಿಕೆ ತಾನೇ, ಒಂದರಿಂದ ಆದರೇನು ಎಂದುಕೊಂಡು ಹಿಡಿ ತಿರುಗಿಸಿಬಿಟ್ಟಳು. ಹತ್ತೊಂಬತ್ತು ವರ್ಷದ ಬುದ್ಧಿ ಆ ಒಂದು ಗಳಿಗೆ ಎಲ್ಲಿ ಮಲಗಿತ್ತೋ!

ಹೊಸ ಎಣಿಕೆಯ ಮೂರನೇ ಸುತ್ತಿನಲ್ಲಿ ನಾಲ್ಕನೇ ಮಹಡಿಯ ಬಾಗಿಲನ್ನು ಆಯಾ ಹೊರಗಿನಿಂದಲೇ ಬಡಿದಳು. "ಹೆಣ್ಣು ಮಗು ಹುಟ್ತು. ತಾಯಿಗೆ ರಕ್ತ ನಿಲ್ತಾ ಇಲ್ಲ ಸುತ್ತಕ್ಕ. ಒಂದು ಬಾಟಲಿ ಮುಗೀತು, ಇನ್ನೊಂದು ಹೊಂದಲಿಲ್ಲ. ಬೀಗದವನು ಬೇಕು. ಅರ್ಧ ಗಂಟೆ ಒಳಗೆ ಬೇಕು, ಇಲ್ದಿದ್ರೆ ಹುಡುಗಿ ಉಳಿಯಲ್ಲ ಅಂತಿದ್ದಾರೆ ಡಾಕ್ಟರು." ಆಯಾ ಬಂದ ಕಾಲಲ್ಲೇ ಹಿಂದಕ್ಕೆ ಓಡಿದಳು. ಸುತ್ತಕ್ಕ ನಡುವೆ ಎಲ್ಲೂ ನಿಲ್ಲಿಸದೆ ನೆಲಕ್ಕೆ ಇಳಿಸಿದಳು. ಬಾಗಿಲ ಬಳಿ ನಿಂತಿದ್ದ ಗಂಟಣ್ಣನಿಗೆ ಹೇಳಿದಳು: "ಬೀಗದವನು ಬೇಕೇ ಬೇಕು. ಮೂರನೇ ಸುತ್ತು. ಓಡು." ಗಂಟಣ್ಣ ಬೆಂಚಿಗೆ ಹೇಳಿದ. ಬೆಂಚಿನಿಂದ ಅತ್ತೆಯೇ ಎದ್ದು ಗೇಟಿಗೆ ಓಡಿದಳು. ಐವತ್ತೆಂಟು ವಯಸ್ಸಿನ, ಮಂಡಿ ಹಿಡಿದ ಹೆಂಗಸು ಹಾಗೆ ಓಡಿದ್ದನ್ನು ಯಾರೂ ಕಂಡಿರಲಿಲ್ಲ.

ಬೀಗದವನು ಅಲ್ಲೇ ಇದ್ದ! ಬೀಗ ಸರಿಮಾಡಿ, ಕೈ ಒರೆಸಿಕೊಂಡು, ಚಹಾದ ಲೋಟ ಕೆಳಗಿಡುತ್ತಿದ್ದ. ಅತ್ತೆ ಏದುಸಿರು ಬಿಡುತ್ತ, "ಬೇಕಂತೆ... ರಕ್ತ ಬೇಕಂತೆ" ಎಂದಳು.

"ಎಷ್ಟನೇ ಸುತ್ತು ತಾಯಿ?" ಸೀಟಿಮಾವ ಕೇಳಿದ.

"ಮೂರು."

ಸೀಟಿಮಾವನ ಮುಖ ಅರಳಿತು. "ಹೆದರಬೇಡಿ. ನನ್ನ ಹತ್ರ ಎಪ್ಪತ್ತೊಂದರ ಮಾತಿದೆ. ಬೇಡವಾಯ್ತು. ನಿಮ್ಮದು ಬೆಳಗಿನ ತಂಗಳು ಸುದ್ದಿ, ಇನ್ನೂ ಅಲ್ಲೇ ಸುತ್ತಾಡ್ತಾ ಇದೆ."

"ಈಗಷ್ಟೇ ಹೇಳಿದ್ರಪ್ಪ..."

"ಎಲ್ಲರೂ ಈಗಷ್ಟೇ ಕೇಳಿರ್ತಾರೆ ತಾಯಿ. ಅದಕ್ಕೇ ಅಲ್ವಾ ಅಂಕಿ ಇರೋದು?"

ಬೀಗದವನೂ ತಲೆದೂಗಿದ. "ಹೌದಮ್ಮ. ಬೇಕು ಅಂದಿದ್ದಕ್ಕೇ ನಾನು ಬೆಳಗ್ಗೆ ಬಂದಿದ್ದು. ಆಮೇಲೆ ಬೇಡ ಅಂದ್ರು. ಆರಾಮಾಗಿರಿ, ಸೊಸೆ ಮೊಮ್ಮಗು ಚೆನ್ನಾಗಿರ್ತಾರೆ." ಅಂಗಡಿ ನಾಳೆ ತೆರೆದರಾಯಿತೆಂದು, ಬಂದು ನಿಂತ ಬಸ್ಸು ಹತ್ತಿ ಮನೆಗೆ ಹೊರಟೇಹೋದ. ಅತ್ತೆ ಆಕಾಶಕ್ಕೆ ಕೈ ಮುಗಿದಳು. ಒಳ್ಳೆಯ ಸುದ್ದಿಯನ್ನು ಯಾರು ತಾನೇ ಬೇಡವೆನ್ನುತ್ತಾರೆ? ವಾಪಸು ಬಂದವಳೇ ಬೆಂಚಿನವರಿಗೆಲ್ಲ ಹೇಳಿದಳು. ಗಂಟಣ್ಣ ಇನ್ನೂ ಮುಂದೆ ಹೋಗಿ, ಮೂರರ ಮಾತು ಆಡುತ್ತಿದ್ದ ನಾಲ್ಕು ಜನರ ಬಾಯಿ ಮುಚ್ಚಿಸಿದ.

ಆರನೇ ಸುತ್ತು ಮುಗಿದು ಲಿಫ್ಟು ನೆಲ ಮುಟ್ಟಿದಾಗ ಸುತ್ತಕ್ಕ ಬೀಗದವನಿಗಾಗಿ ಕತ್ತು ಉದ್ದ ಮಾಡಿದಳು. ಎದುರಿಗೆ ಬಂದವಳು ಅತ್ತೆ. ಸುತ್ತಕ್ಕನ ಎರಡೂ ಕೈ ಹಿಡಿದು, "ಬೇಡವಂತೆ ತಾಯಿ, ಎಪ್ಪತ್ತೊಂದರ ಮಾತು! ಅವನು ಹೊರಟುಹೋದ" ಎಂದು ನಗುತ್ತ ಅಳುತ್ತ ಹೇಳಿದಳು.

ಸುತ್ತಕ್ಕನಿಗೆ ಕಾಲಡಿಯ ಲಿಫ್ಟೇ ಕಳಚಿಬಿದ್ದಂತಾಯಿತು. ಹಳಸಿದ ಮಾತು ಗೆದ್ದಿತ್ತು, ತಾನೇ ಕಟ್ಟಿದ ಕಾನೂನು ಅದನ್ನು ಗೆಲ್ಲಿಸಿತ್ತು. ಇವರಾರದೂ ತಪ್ಪಿಲ್ಲ. ಸೀಟಿಮಾವ ಮಾಡಿದ್ದು ಸರಿ, ಗಂಟಣ್ಣ ಮಾಡಿದ್ದು ಸರಿ. ತಪ್ಪು ತನ್ನದು, ಆ ಸೊನ್ನೆಯದು. ಈಗ ಏಳನೇ ಸುತ್ತು ಎಂದು ಕೂಗಿದರೆ ಎಪ್ಪತ್ತೊಂದು ಅದನ್ನೂ ತಿಂದುಹಾಕುತ್ತದೆ. ಮೆಕ್ಯಾನಿಕ್ಕಿನ ಕತೆ, ಗ್ರೀಸಿನ ಕತೆ ಹೇಳುತ್ತ ಕೂತರೆ ಒಂದೊಂದು ಬಾಯಿಯಲ್ಲೂ ಅದು ಒಂದೊಂದು ಆಕಾರ ತಾಳುತ್ತದೆ. ಗೇಟು ಮುಟ್ಟುವಷ್ಟರಲ್ಲಿ ಹುಡುಗಿಗೇ ಗ್ರೀಸು ಹಚ್ಚಿರುತ್ತಾರೆ. ಬೇಕಾದದ್ದು ಒಂದೇ ಉಸಿರಿನ ಮಾತು. ಹತ್ತೊಂಬತ್ತು ವರ್ಷ ಅವಳು ಸುಳ್ಳು ಅಂಕಿ ಹೇಳಿರಲಿಲ್ಲ. ಅವಳಿಗಿದ್ದ ಮರ್ಯಾದೆಯೆಲ್ಲ ಅದೊಂದೇ. ಹೋಗಲಿ ಅತ್ತ, ಒಂದು ಜೀವಕ್ಕಿಂತ ನನ್ನ ಮರ್ಯಾದೆ ಹೆಚ್ಚೇನು ಎಂದುಕೊಂಡಳು.

ಸ್ಟೂಲಿನ ಮೇಲೆ ಹತ್ತಿ ನಿಂತು, ಕಟ್ಟಡವೆಲ್ಲ ಕೇಳುವಂತೆ ಕೂಗಿದಳು: "ಬೀಗದವನು ಈಗಲೇ ಬೇಕು! ಸಾವಿರದ ಸುತ್ತಿನ ಮಾತು! ಸಾವಿರ!"

ಬೆಂಚುಗಳೆಲ್ಲ ಲಿಫ್ಟಿನ ಕಡೆ ತಿರುಗಿದವು. ಸಾವಿರವೇ? ಆ ಪೆಟ್ಟಿಗೆಯಲ್ಲಿ ಸಾವಿರಕ್ಕೆ ಜಾಗವೇ ಇರಲಿಲ್ಲ. ಗಂಟಣ್ಣನ ತಲೆಯ ಮೇಲಿನ ಗಂಟು ಜಾರಿ ಬಿತ್ತು. "ಸುತ್ತಕ್ಕ, ನೂರ ಮೂವತ್ತು ದಾಟಿದ್ದೇ ಇಲ್ವಲ್ಲ..."

"ನಾನು ಹೇಳ್ತಾ ಇದೀನಿ ಸಾವಿರ ಅಂತ. ನಾನು ಯಾವತ್ತಾದ್ರೂ ಸುಳ್ಳು ಹೇಳಿದೀನಾ? ಓಡೋ, ನಿನ್ನ ಗಂಟು ಹಾಳಾಗಿ ಹೋಗ!"

ಗಂಟಣ್ಣ ಓಡಿದ. ಅತ್ತೆಯನ್ನು ಯಾರೋ ಹಿಡಿದು ಕೂರಿಸಿದರು. ಉಳಿದ ಬೆಂಚೆಲ್ಲ ಗಂಟಣ್ಣನ ಹಿಂದೆ ಎದ್ದು ಓಡಿತು. ಸೀಟಿಮಾವ ಎಂದಿನಂತೆ ಎದೆ ಸೆಟೆಸಿ, "ಎಷ್ಟನೇ..." ಎನ್ನುವಷ್ಟರಲ್ಲಿ ಹದಿನೈದು ಬಾಯಿ ಒಟ್ಟಿಗೆ "ಸಾವಿರ!" ಎಂದವು. "ಸಾವಿರದ ಮುಂದೆ ನನ್ನ ಎಪ್ಪತ್ತೊಂದು ಯಾವ ಮೂಲೆಗೆ!" ಎಂದವನೇ ಸೀಟಿ ಬಾಯಿಗಿಟ್ಟ. ಆ ಸೀಟಿ ಬೀದಿಯ ತುದಿಯವರೆಗೂ ಹೋಯಿತು. ಚಹಾದವನು ಚಪ್ಪಲಿಯವನಿಗೆ, ಚಪ್ಪಲಿಯವನು ಹಣ್ಣಿನವಳಿಗೆ, ಹಣ್ಣಿನವಳು ಸೈಕಲ್ಲಿನಲ್ಲಿ ಹೋಗುತ್ತಿದ್ದ ಅಂಚೆಯವನಿಗೆ. ಯಾರೂ ಏಕೆ, ಏನು ಎಂದು ಕೇಳಲಿಲ್ಲ. ಎಲ್ಲರೂ ಆಡಿದ್ದು ಒಂದೇ ಮಾತು, ಒಂದೇ ಅಂಕಿ. ಅಂಚೆಯವನು ಪೆಡಲು ಮುರಿಯುವಂತೆ ತುಳಿದು, ಮೂರನೇ ನಿಲ್ದಾಣದಲ್ಲಿ ಬಸ್ಸಿಗೆ ಅಡ್ಡ ಸೈಕಲ್ಲು ಹಾಕಿದ.

"ಬೀಗದವನು ವಾಪಸ್ ಬರಬೇಕಂತೆ! ಸಾವಿರದ ಸುತ್ತಿನ ಮಾತು!"

ಕಂಡಕ್ಟರು ಒಂದೇ ಕ್ಷಣ ಯೋಚಿಸಿದ. ಬೀಗದವನನ್ನು ಇಳಿಸಿದರೆ ನಡೆದು ಬರಲು ಕಾಲು ಗಂಟೆ. ಅವನು ಡ್ರೈವರಿನ ಬೆನ್ನು ತಟ್ಟಿದ. "ತಿರುಗಿಸಣ್ಣ." "ಬಸ್ಸನ್ನಾ?" "ಇನ್ನೇನು, ನಿನ್ನ ಮೀಸೆನಾ? ತಿರುಗಿಸು!" ಮೂವತ್ತೆರಡು ಪ್ರಯಾಣಿಕರ ಸಮೇತ ಬಸ್ಸು ನಡುಬೀದಿಯಲ್ಲಿ ತಿರುಗಿತು. ಒಬ್ಬ ಮಾತ್ರ ತನಗೆ ತಡವಾಗುತ್ತದೆಂದು ಕೂಗಾಡಿದ. ಪಕ್ಕದ ಅಜ್ಜಿ, "ನೀನೂ ಯಾರದೋ ಹೊಟ್ಟೇಲಿ ಹುಟ್ಟಿದವನೇ ತಾನೇ? ಸುಮ್ಮನೆ ಕೂತ್ಕೋ" ಎಂದಳು. ಅವನು ಕೂತ.

ಇತ್ತ ಸುತ್ತಕ್ಕ ಲಿಫ್ಟಿನ ಬಾಗಿಲು ತೆರೆದಿಟ್ಟುಕೊಂಡು ನೆಲದಲ್ಲೇ ನಿಂತಿದ್ದಳು. ಐದನೆಯ ಮಹಡಿಯಿಂದ ಗಂಟೆ, ಎರಡನೆಯದರಿಂದ ಗಂಟೆ. ಮೇಲ್ವಿಚಾರಕರು ಮೆಟ್ಟಿಲಿನಿಂದ ಬಗ್ಗಿ, "ಏನ್ರೀ, ಲಿಫ್ಟು ಕೆಟ್ಟಿದೆಯಾ?" ಎಂದು ಗದರಿದರು. "ಕೆಟ್ಟಿಲ್ಲ ಸಾರ್, ಕಾಯ್ತಾ ಇದೆ" ಎಂದಳು. ಆಗ ಗೇಟಿನಲ್ಲಿ ಬಸ್ಸಿನ ಹಾರ್ನು ಬಿಟ್ಟೂಬಿಡದೆ ಕೇಳಿಸಿತು. ಸೀಟಿಮಾವ ಗೇಟಿನ ಎರಡೂ ಬಾಗಿಲು ತೆಗೆದು, ಬಸ್ಸನ್ನೇ ಅಂಗಳದೊಳಗೆ ಬಿಟ್ಟಿದ್ದ. ಬೀಗದವನು ಇಳಿದು ಓಡಿಬಂದ. ಅವನ ಹಿಂದೆ, ತಮ್ಮ ರಕ್ತವೂ ಇರಲಿ ಎಂದು ಅಂಗಿಯ ತೋಳು ಮಡಚಿಕೊಂಡು ಮತ್ತೆ ಐದು ಜನ! "ನೀವೆಲ್ಲ ಮೆಟ್ಟಿಲಲ್ಲಿ ಬನ್ನಿ" ಎಂದು ಸುತ್ತಕ್ಕ ಬಾಗಿಲೆಳೆದಳು. ನಾಲ್ಕನೇ ಮಹಡಿಯವರೆಗೆ ಅವಳು ಎಲ್ಲೂ ನಿಲ್ಲಿಸಲಿಲ್ಲ. ಆಯಾ ಬೀಗದವನ ಕೈ ಹಿಡಿದೆಳೆದುಕೊಂಡು ಒಳಗೋಡಿದಳು. ಡಾಕ್ಟರು ಕೊಟ್ಟ ಅರ್ಧ ಗಂಟೆಯಲ್ಲಿ ಇನ್ನೂ ನಾಲ್ಕು ನಿಮಿಷ ಉಳಿದಿತ್ತು.

ಮೇಲೆ ರಕ್ತ ಇಳಿಯುತ್ತಿರುವಾಗ ಕೆಳಗೆ ಸುತ್ತಕ್ಕ ನಡೆದದ್ದನ್ನೆಲ್ಲ ಒಪ್ಪಿಕೊಂಡಳು. "ಸಾವಿರ ಅನ್ನೋದು ಸುಳ್ಳು. ಪೆಟ್ಟಿಗೇಲಿ ಇದ್ದದ್ದು ಆರು. ಇನ್ಮೇಲೆ ನನ್ನ ಮಾತು ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು." ಗೇಟು ಬಿಟ್ಟು ಬಂದಿದ್ದ ಸೀಟಿಮಾವ ಮುಂದೆ ಬಂದ. "ಆರರ ಮಾತನ್ನ ನಾನು ಗೇಟು ದಾಟೋಕೆ ಬಿಡ್ತಿರಲಿಲ್ಲ ಸುತ್ತಕ್ಕ. ಅಂಥ ಪೆದ್ದ ನಾನು. ನೀನು ಲಕ್ಷ ಅಂದಿದ್ರೂ ಸರೀನೇ." ಅಂದಿನಿಂದ ಕಾನೂನಿಗೆ ಒಂದು ಬಾಲ ಸೇರಿತು: ಗ್ರೀಸು ಹಚ್ಚಿದ ದಿನ, ಮಾತು ಗ್ರೀಸಿಗೆ ಮುಂಚಿನದೋ ಆಮೇಲಿನದೋ ಎಂದೂ ಹೇಳಬೇಕು. ಆಮೇಲಿನದಕ್ಕೇ ಯಾವಾಗಲೂ ಗೆಲುವು, ಅಂಕಿ ಎಷ್ಟೇ ಸಣ್ಣದಿರಲಿ.

ಒಂದೂವರೆ ಗಂಟೆ ಕಳೆದ ಮೇಲೆ ಆಯಾ ಲಿಫ್ಟಿನ ಬಾಗಿಲಿಗೆ ಬಂದಳು. ಬಾಯಿ ಬಿಡುವ ಮೊದಲೇ ಅವಳ ಕಣ್ಣು ಹೇಳಿತು. "ರಕ್ತ ನಿಲ್ತು. ಗೆದ್ವಿ ಸುತ್ತಕ್ಕ. ತಾಯಿ, ಮಗು ಇಬ್ರೂ!" ಲಿಫ್ಟಿನಲ್ಲಿದ್ದವರೆಲ್ಲ ಹೋ ಎಂದು ಕೂಗಿದರು, ಗುರುತಿಲ್ಲದವರು ಗುರುತಿಲ್ಲದವರನ್ನು ತಬ್ಬಿಕೊಂಡರು. ಸುತ್ತಕ್ಕ ಲಿಫ್ಟನ್ನು ನೆಲಕ್ಕಿಳಿಸಿ, ಓಡಿಹೋಗಿ ಅತ್ತೆಯ ಮುಂದೆ ಕೂತು ಹೇಳಿದಳು. ಅತ್ತೆ ತಲೆ ಅಡ್ಡಡ್ಡ ಆಡಿಸಿದಳು.

"ಬೇಕು ಅಂದ್ರು, ಬೇಡ ಅಂದ್ರು, ಬೇಕು ಅಂದ್ರು, ಬೇಡ ಅಂದ್ರು. ನನಗೆ ಇನ್ನು ಯಾರ ಮಾತೂ ಬೇಡ ತಾಯಿ. ಯಾವ ಅಂಕಿನೂ ಬೇಡ."

ಸುತ್ತಕ್ಕ ಅವಳನ್ನು ಎಬ್ಬಿಸಿದಳು. ಮನೆಯವರು ಮೇಲೆ ಹೋಗುವ ಹೊತ್ತಲ್ಲ ಅದು. ಯಾರೂ ತಡೆಯಲಿಲ್ಲ. ನಾಲ್ಕನೇ ಮಹಡಿಯಲ್ಲಿ ಲಿಫ್ಟಿಗೆ ಬೀಗ ಹಾಕಿ, ಸೊಂಟ ಬಳಸಿ ಹಿಡಿದು ವಾರ್ಡಿನೊಳಗೆ ನಡೆಸಿದಳು. ಗೋಡೆಯ ಪಕ್ಕದ ಮಂಚದಲ್ಲಿ ಹುಡುಗಿ ಬಿಳಿಚಿಕೊಂಡು ಮಲಗಿದ್ದಳು. ಪಕ್ಕದ ತೊಟ್ಟಿಲಲ್ಲಿ ಮಗು ಲೋಕವನ್ನೇ ಬಯ್ಯುವಂತೆ ಕಿರುಚುತ್ತಿತ್ತು. ಅತ್ತೆ ಮಗುವಿನ ಕಡೆ ನೋಡಲೇ ಇಲ್ಲ. ಸೊಸೆಯ ಮೂಗಿನ ಮುಂದೆ ಅಂಗೈ ಹಿಡಿದು, ಉಸಿರು ತಾಕುವವರೆಗೂ ಹಾಗೇ ನಿಂತಳು.

ಹುಡುಗಿ ಕಣ್ಣು ಬಿಟ್ಟಳು. ತುಟಿ ಒಣಗಿತ್ತು, ದನಿ ನೂಲಿನೆಳೆಯಷ್ಟು ಸಣ್ಣಗಿತ್ತು.

"ಅತ್ತೆ... ನೀವು ಏನಾದ್ರೂ ತಿಂದ್ರಾ?"

"ತಿಂದೆ ಕಣೇ, ತಿಂದೆ. ನಿನ್ನ ತಲೆ ತಿನ್ನೋಕೆ ಬಂದಿದೀನಿ" ಎಂದು ಬಯ್ಯಲು ಹೊರಟ ಅತ್ತೆ, ಮಾತು ಮುಗಿಸಲಾಗದೆ ಮಂಚದ ಅಂಚಿಗೆ ಹಣೆ ಒತ್ತಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟಳು. ಬೆಳಗಿನಿಂದ ಅವಳ ಬಾಯಿಗೆ ಒಂದು ತುತ್ತೂ ಹೋಗಿರಲಿಲ್ಲ. ಸುತ್ತಕ್ಕ ಮಗುವನ್ನು ಎತ್ತಿಕೊಂಡಳು. ಹೊರಗೆ ಆರೂ ಮಹಡಿಯಿಂದ ಲಿಫ್ಟಿನ ಗಂಟೆ ಬಡಿದುಕೊಳ್ಳುತ್ತಿತ್ತು. "ಬಡ್ಕೊಳ್ಳಲಿ ಬಿಡು" ಎಂದು ಅವಳು ಮಗುವಿಗೆ ಹೇಳಿ, ಅಲ್ಲೇ ಮಂಚದ ಮೇಲೆ ಕೂತಳು.